ಗಾಳಾಕ್ಕಿಂತ ಮೊದಲು ಗಿರಾಕಿ: ಡೊಂಬಿವಲಿಯಲ್ಲಿ ದೋಸೆಹಿಟ್ಟಿನ ವ್ಯಾಪಾರಕ್ಕೆ ನಾನು ಮಾಡಿಕೊಂಡ ಸಿದ್ಧತೆ

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಇಡ್ಲಿ-ದೋಸೆ ಹಿಟ್ಟಿನ ವ್ಯಾಪಾರ ಆರಂಭಿಸುತ್ತೇನೆಂದಾಗ, ಹೋಟೆಲ್ ಉದ್ಯಮದಲ್ಲೇ ತಲೆ ನರೆತ ನಮ್ಮ ಊರಿನವರೆಲ್ಲ ಹೇಳಿದ್ದು ಒಂದೇ ಮಾತು: ಮೊದಲು ಸ್ಟೇಷನ್ ಹತ್ತಿರ ಗಾಳಾ (ಬಾಡಿಗೆಯ ಅಂಗಡಿ ಕೋಣೆ) ಹಿಡಿ, ಬೋರ್ಡು ಹಾಕು, ಗಿರಾಕಿ ತಾನಾಗಿ ಬರುತ್ತಾನೆ. ನಾನು ಇದಕ್ಕೆ ವಿರುದ್ಧವಾದ ದಾರಿ ಹಿಡಿದೆ. ಗಾಳಾದ ಬಾಡಿಗೆ, ಕರೆಂಟು ಬಿಲ್ಲು, ಒಬ್ಬ ಹುಡುಗನ ಸಂಬಳ, ಈ ಮೂರನ್ನೂ ಹೊರುವಷ್ಟು ಹಿಟ್ಟು ದಿನವೂ ಮಾರಾಟವಾಗುವವರೆಗೆ ಗಾಳಾ ಹಿಡಿಯುವುದಿಲ್ಲ, ಲೆಕ್ಕಪತ್ರದ ನೌಕರಿಯನ್ನೂ ಬಿಡುವುದಿಲ್ಲ ಎಂದು ನಿಶ್ಚಯಿಸಿ, ಸುಮಾರು ಒಂದೂವರೆ ವರ್ಷ ಮನೆಯಿಂದಲೇ ನಡೆಸಿದೆ. ಮುಲುಂಡಿನಲ್ಲಿ ಹೋಟೆಲ್ ಇರುವ ನಮ್ಮ ಭಾವ, "ಇದು ವ್ಯಾಪಾರವಲ್ಲ ಮಾರಾಯ, ಹೊತ್ತು ಕಳೆಯುವ ಕೆಲಸ" ಎಂದು ಎಲ್ಲರೆದುರು ಹೇಳಿದ್ದರು. ಈಗ ಶನಿವಾರ-ಭಾನುವಾರ ಅವರ ಹೋಟೆಲಿಗೂ ನನ್ನ ಹಿಟ್ಟೇ ಹೋಗುತ್ತದೆ.

ಕಾಗದಪತ್ರಗಳ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ. ವಹಿವಾಟು 12 ಲಕ್ಷದೊಳಗೆ ಇರುವವರಿಗೆ ಅಷ್ಟು ಸಾಕಾಗುತ್ತಿತ್ತು. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿಗೆ ಶುಲ್ಕವೇ ಇಲ್ಲ. ಅದಕ್ಕೆ ಎರಡು-ಮೂರು ಸಾವಿರ ಕೇಳುವ ಏಜೆಂಟರಿಂದ ದೂರವಿರಿ. ಮಹಾರಾಷ್ಟ್ರದ 2017ರ ಕಾಯ್ದೆಯ ಪ್ರಕಾರ ಆಗ ಹತ್ತಕ್ಕಿಂತ ಕಡಿಮೆ ಕೆಲಸಗಾರರಿದ್ದರೆ ಗುಮಾಸ್ತಾ ಲೈಸೆನ್ಸ್ (ಅಂಗಡಿಯ ನೋಂದಣಿ) ಬೇಕಿರಲಿಲ್ಲ, ಆನ್‌ಲೈನಿನಲ್ಲಿ ಸೂಚನೆ ಕೊಟ್ಟು ರಸೀದಿ ಪಡೆದರೆ ಸಾಕಿತ್ತು. ನಮ್ಮ ಪ್ರಮಾಣದ ವ್ಯಾಪಾರಕ್ಕೆ ಜಿಎಸ್‌ಟಿಯ 40 ಲಕ್ಷದ ಮಿತಿ ಬಹಳ ದೂರದ ಮಾತು. ತೂಕದ ಯಂತ್ರಕ್ಕೆ ಮಾತ್ರ ತೂಕ-ಅಳತೆ ಇಲಾಖೆಯ ಮುದ್ರೆ ಹಾಕಿಸಿಕೊಳ್ಳಿ. ಪಾಕೀಟಿನ ಮೇಲೆ ಒಂದು ಕಿಲೋ ಎಂದು ಬರೆದ ಮೇಲೆ ಅದು ಒಂದು ಕಿಲೋ ಇರಲೇಬೇಕು.

ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಒಂದು ಪಾಕೀಟಿನ ಲೆಕ್ಕದ ಮೇಲೆ. ಒಂದು ಕಿಲೋ ಅಕ್ಕಿಗೆ ಕಾಲು ಕಿಲೋದಷ್ಟು ಉದ್ದು ಹಾಕಿದರೆ ಸುಮಾರು ಮೂರು ಕಿಲೋ ಹಿಟ್ಟು ಸಿಗುತ್ತದೆ. ವಾಶಿಯ ಎಪಿಎಂಸಿ ಸಗಟು ಮಾರುಕಟ್ಟೆಯಿಂದ ಮೂಟೆಯಲ್ಲಿ ತಂದಾಗ ಕಿಲೋ ಹಿಟ್ಟಿಗೆ ದಿನಸಿಯ ಖರ್ಚು 27-28 ರೂಪಾಯಿ. ಪಾಕೀಟು-ಸ್ಟಿಕ್ಕರಿಗೆ ನಾಲ್ಕು, ಕರೆಂಟು-ಐಸಿಗೆ ಮೂರು, ಸಾಗಣೆಗೆ ಐದು ಸೇರಿಸಿದರೆ ಹತ್ತಿರ ಹತ್ತಿರ 40. ಪಾಕೀಟಿನ ಬೆಲೆ 75, ಅಂಗಡಿಯವನಿಗೆ ಕೊಡುವುದು 62ಕ್ಕೆ. ಕಾಗದದ ಮೇಲೆ 22 ರೂಪಾಯಿ ಉಳಿಯುತ್ತದೆ. ಒಳಗಲ್ಲಿಯ ಗಾಳಾಕ್ಕೆ 15,000 ಬಾಡಿಗೆ, 5,000 ಕರೆಂಟು, ಹುಡುಗನಿಗೆ 12,000 ಎಂದಿಟ್ಟುಕೊಂಡರೆ, ಲೆಕ್ಕಕ್ಕೆ ದಿನಕ್ಕೆ 49 ಪಾಕೀಟು ಬೇಕು; ಏರುಪೇರಿಗೆ ಸ್ವಲ್ಪ ಹೆಚ್ಚಿಟ್ಟು 55ರಿಂದ 60 ಖಚಿತವಾಗಿ ಹೋದರೆ ಮಾತ್ರ ಗಾಳಾ ತನ್ನ ಖರ್ಚನ್ನು ತಾನೇ ದುಡಿಯುತ್ತದೆ. ಈ ಸಂಖ್ಯೆಯನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಟ್ಟಿದ್ದೆ.

ಆದರೆ ಮೊದಲ ಆರು ತಿಂಗಳು ಆ 22 ರೂಪಾಯಿ ಕೈಗೆ ಸಿಗಲೇ ಇಲ್ಲ, ಏಕೆಂದರೆ ಐದಾರು ಪಾಕೀಟಿಗೆ ಒಂದರಂತೆ ಮಾಲು ವಾಪಸ್ ಬರುತ್ತಿತ್ತು. ಮೇ ತಿಂಗಳಲ್ಲಂತೂ ಪಾಕೀಟುಗಳು ದಿಂಬಿನಂತೆ ಉಬ್ಬಿ ಸೀಲು ಬಿಟ್ಟುಕೊಂಡು, ಅಂಗಡಿಯವರ ಶ್ರೀಖಂಡದ ಡಬ್ಬಿಗಳ ಮೇಲೆಲ್ಲ ಹಿಟ್ಟು ಹರಿದು, ಇಬ್ಬರು ಲೆಕ್ಕ ಮುಗಿಸಿ ಇನ್ನು ಬೇಡವೆಂದೇ ಹೇಳಿಬಿಟ್ಟರು. ನಾನು ಅಕ್ಕಿ ಬದಲಿಸಿದೆ, ಮೆಂತ್ಯ ಬಿಟ್ಟು ನೋಡಿದೆ, ದಪ್ಪ ಪಾಕೀಟು ತಂದೆ. ಯಾವುದೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ ವಾಪಸ್ ಬಂದ ಪ್ರತಿ ಪಾಕೀಟಿನ ಮೇಲೂ ಅಂಗಡಿಯ ಹೆಸರು ಬರೆದಿಡಲು ಆರಂಭಿಸಿದಾಗ, ಎಲ್ಲವೂ ನಾಲ್ಕೈದು ಅಂಗಡಿಗಳಿಂದಲೇ ಬರುತ್ತಿರುವುದು ಕಂಡಿತು. ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ಹೋಗಿ ಅವರ ಫ್ರಿಜ್ಜಿನೊಳಗೆ ಥರ್ಮಾಮೀಟರ್ ಇಟ್ಟು ನೋಡಿದರೆ 24 ಡಿಗ್ರಿ! ಬಿಲ್ಲು ಉಳಿಸಲು ರಾತ್ರಿ ಅಂಗಡಿ ಮುಚ್ಚುವಾಗ ಫ್ರಿಜ್ಜಿನ ಸ್ವಿಚ್ಚನ್ನೂ ಆರಿಸಿ ಹೋಗುತ್ತಿದ್ದರು. ಅಂದಿನಿಂದ ನನ್ನ ಹಿಟ್ಟು ಹಾಲಿನ ಏಜೆನ್ಸಿ ಇರುವ ಅಂಗಡಿಗಳಿಗೆ ಮಾತ್ರ ಹೋಗುತ್ತದೆ. ಹಾಲು ಇಡುವವನು ರಾತ್ರಿ ಫ್ರಿಜ್ ಆರಿಸುವುದಿಲ್ಲ. ವಾಪಸಾತಿ ನೂರಕ್ಕೆ ಎರಡು-ಮೂರಕ್ಕೆ ಇಳಿಯಿತು. ಈ ಒಂದು ಸಂಗತಿ ಗೊತ್ತಾಗದೆ ಗಾಳಾ ಹಿಡಿದಿದ್ದರೆ ಡಿಪಾಜಿಟ್ಟಿನ ಹಣ ಮಳೆಗಾಲದೊಳಗೆ ಕರಗುತ್ತಿತ್ತು.

ಹಿಟ್ಟಿನ ಕಡೆಯಿಂದಲೂ ಒಂದು ಬದಲಾವಣೆ ಬೇಕಾಯಿತು. ಕೊಯಮತ್ತೂರಿನ ಟಿಲ್ಟಿಂಗ್ ಗ್ರೈಂಡರನ್ನು, ಮುಚ್ಚಿಹೋದ ಹೋಟೆಲೊಂದರಿಂದ 22,000ಕ್ಕೆ ಕೊಂಡಿದ್ದೆ. ಅದರ ಕಲ್ಲು ತಿರುಗಿ ತಿರುಗಿ ಹಿಟ್ಟೇ 32-33 ಡಿಗ್ರಿಗೆ ಬಿಸಿಯಾಗುತ್ತಿತ್ತು. ನೀರಿನ ಒಂದು ಪಾಲನ್ನು ಐಸಿನ ರೂಪದಲ್ಲಿ ಹಾಕಿದ ಮೇಲೆ 25 ದಾಟುವುದಿಲ್ಲ. ಪೂರ್ತಿ ಉಬ್ಬುವವರೆಗೆ ಕಾಯದೆ ಅರ್ಧ ಉಬ್ಬಿದಾಗಲೇ ಪಾಕೀಟು ಮಾಡಿ ತಣ್ಣಗೆ ಮಾಡುತ್ತೇನೆ. ಆ ಅರ್ಧವನ್ನು ಗುರುತಿಸುವ ಬಗೆಯನ್ನೂ, ಉದ್ದು ಯಾವ ಊರಿನದು ಎಂಬುದನ್ನೂ ಇಲ್ಲಿ ಹೇಳುವುದಿಲ್ಲ. ಅದು ನನ್ನ ಅನ್ನದ ಪ್ರಶ್ನೆ.

ಈ ನಡುವೆ ನೀರುದೋಸೆ ಹಿಟ್ಟನ್ನೂ ಪ್ರಯತ್ನಿಸಿದೆ. ನಮ್ಮ ಕರಾವಳಿಯವರು ಆಸೆಯಿಂದ ಕೊಂಡರು, ಆದರೆ ಅಕ್ಕಿ ತಳಕ್ಕೆ ಕೂತು ಮೇಲೆ ನೀರು ನಿಲ್ಲುವುದನ್ನು ಕಂಡ ಉಳಿದವರು ಕೆಟ್ಟಿದೆಯೆಂದು ಹಿಂತಿರುಗಿಸಿದರು. ನೀರನ್ನೇ ಕಡಿಮೆ ಮಾಡಿ ಗಟ್ಟಿಯಾಗಿ ರುಬ್ಬಿ, "ಮನೆಯಲ್ಲಿ ಎರಡು ಲೋಟ ನೀರು ಸೇರಿಸಿ" ಎಂದು ಸ್ಟಿಕ್ಕರ್ ಹಾಕಿದ ಮೇಲೆ ವಾರಕ್ಕೆ ಇಪ್ಪತ್ತರಷ್ಟು ಹೋಗುತ್ತಿದೆ. ರಾಗಿ ಹಿಟ್ಟು ಬೇಗ ಹುಳಿಯಾಗುತ್ತದೆ. ಅದನ್ನು ಚಳಿಗಾಲದಲ್ಲಿ ಮಾತ್ರ ಮಾಡುತ್ತೇನೆ.

ಹಣದ ವಿಷಯದಲ್ಲಿ ನನ್ನನ್ನು ಉಳಿಸಿದ್ದು ಕೂಪನ್. ಅಂಗಡಿಯವರು ಹದಿನೈದು ದಿನದ ಉಧಾರಿ ಕೇಳುತ್ತಾರೆ, ದಿನಸಿಯವನು ನಗದು ಕೇಳುತ್ತಾನೆ. ಅಕ್ಕಪಕ್ಕದ ವಸತಿ ಸೊಸೈಟಿಗಳಲ್ಲಿ ಹತ್ತು ಪಾಕೀಟಿನ ಹಣ ಮುಂಗಡ ಕೊಟ್ಟವರಿಗೆ ಕೂಪನ್ ಕೊಟ್ಟು ಪಾಕೀಟಿಗೆ ಐದು ರೂಪಾಯಿ ಇಳಿಸಿದೆ. ಅರುವತ್ತು-ಎಪ್ಪತ್ತು ಮನೆಗಳು ಸೇರಿದ ಮೇಲೆ ಅಂಗಡಿಯ ಉಧಾರಿಯನ್ನು ಆ ಮುಂಗಡವೇ ಹೊತ್ತಿತು, ಹೊರಗಿನ ಸಾಲ ಬೇಕಾಗಲಿಲ್ಲ. ಗ್ರೈಂಡರ್, ಹಳೆಯ ಫ್ರೀಜರ್, ಸೀಲಿಂಗ್ ಯಂತ್ರ, ಕ್ರೇಟು ಎಲ್ಲ ಸೇರಿ ಅಲ್ಲಿಯವರೆಗೆ ನಾನು ಹಾಕಿದ್ದು 65-70 ಸಾವಿರ. ಮುದ್ರಿಸಿದ ಪಾಕೀಟಿಗೆ ಹಣ ಹಾಕಲೇ ಇಲ್ಲ; ಸಾದಾ ಪಾಕೀಟಿಗೆ ಸ್ಟಿಕ್ಕರ್ ಸಾಕು, ಬೆಲೆ ಬದಲಾದರೆ ನಷ್ಟವಿಲ್ಲ.

ಸತತವಾಗಿ ಮೂರು ತಿಂಗಳು ದಿನಕ್ಕೆ ಅರುವತ್ತು ದಾಟಿದಾಗ ಗಾಳಾ ನೋಡಲು ಹೊರಟೆ. ಹಿಟ್ಟಿನ ಕೆಲಸಕ್ಕೆ ಗಾಳಾ ನೋಡುವವರು ಬಾಡಿಗೆ ಕೇಳುವ ಮೊದಲು ಮೋರಿ ನೋಡಬೇಕು, ಒಂದು ಬಕೆಟ್ ನೀರು ಸುರಿಸಿ ಅದು ಯಾವ ಕಡೆಗೆ ಹರಿಯುತ್ತದೆಂದು ನೋಡಬೇಕು. ನಾನು ನೋಡಿದ ಅಗ್ಗದ ಗಾಳಾಗಳಲ್ಲಿ ಹೆಚ್ಚಿನವು ಅಲ್ಲೇ ಬಿದ್ದುಹೋದವು. ಡಿಪಾಜಿಟ್ ಒಂದು ಲಕ್ಷ, ಚೀಟಿ ಎತ್ತಿದ ಹಣ. ಲೀವ್ ಅಂಡ್ ಲೈಸೆನ್ಸ್ (ಬಾಡಿಗೆ) ಕರಾರನ್ನು ನೋಂದಾಯಿಸಿಯೇ ತೆಗೆದುಕೊಂಡೆ, ನಡುವೆ ಬಿಟ್ಟುಹೋಗುವಂತಿಲ್ಲದ ನನ್ನ ಕಡೆಯ ಲಾಕ್-ಇನ್ ಅವಧಿಯನ್ನು ಆರು ತಿಂಗಳಿಗೆ ಇಳಿಸಿಕೊಂಡೆ. ವಹಿವಾಟು 12 ಲಕ್ಷ ದಾಟುವುದು ಲೆಕ್ಕದಲ್ಲೇ ಕಾಣುತ್ತಿದ್ದುದರಿಂದ ಆಹಾರದ ರಾಜ್ಯ ಪರವಾನಗಿಯನ್ನು ಗಾಳಾದ ವಿಳಾಸಕ್ಕೇ ಮಾಡಿಸಿದೆ, ಅದು ಕೈಗೆ ಬಂದ ಮೇಲೆಯೇ ಕಚೇರಿಗೆ ರಾಜೀನಾಮೆ ಪತ್ರ ಕೊಟ್ಟೆ.