ಬೆದ್ರ, ಕಾರ್ಲ, ಕುಡ್ಲ: ನಕ್ಷೆಗೆ ಊರ ಹೆಸರು ಸೇರಿಸಿದ ಅನುಭವ

ಮಂಗಳೂರಿಗೆ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ. ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಮ್ಮ ಕಡೆಯ ಊರುಗಳ ಹೆಸರು ಸೇರಿಸಲು ಕೂತಾಗ ನನಗೆ ತುಂಬಾ ಹಿಡಿಸಿದ್ದು ಒಂದೇ ವಿಷಯ: ಅಲ್ಲಿ ಒಂದು ಊರಿಗೆ ಭಾಷೆಗೊಂದು ಹೆಸರು ಬರೆಯಬಹುದು. ಕನ್ನಡಕ್ಕೆ ಕೆಎನ್, ತುಳುವಿಗೆ ಟಿಸಿವೈ ಅಂತ ಕೋಡ್ ಇದೆ. ಒಂದನ್ನು ಬರೆಯಲು ಇನ್ನೊಂದನ್ನು ಅಳಿಸಬೇಕಾಗಿಲ್ಲ.

ಕನ್ನಡದಿಂದಲೇ ಶುರು ಮಾಡಿದೆ. ಇಂಗ್ಲಿಷ್ ಸ್ಪೆಲಿಂಗ್ ನೋಡಿ ಕನ್ನಡ ಮಾಡಿದರೆ ವಿಟ್ಲ ಹೋಗಿ ‘ವಿಟ್ಟಲ್’ ಆಗುತ್ತದೆ, ಸುಳ್ಯ ‘ಸುಲ್ಲಿಯಾ’, ಬಂಟ್ವಾಳ ‘ಬಂಟ್ವಾಲ್’. ಆ ಅಕ್ಷರಗಳಲ್ಲಿ ಲ, ಳ ಎರಡೂ ಒಂದೇ, ದೀರ್ಘ ಎಲ್ಲಿ ಅಂತಲೂ ಗೊತ್ತಾಗುವುದಿಲ್ಲ. ಹಾಗಾಗಿ ಪಂಚಾಯತ್ ಬೋರ್ಡು, ಬಸ್ಸಿನ ಬೋರ್ಡು, ಮೈಲಿಗಲ್ಲು ನೋಡಿಯೇ ಬರೆಯುತ್ತೇನೆ.

ತುಳು ಹೆಸರಿಗೆ ಬೋರ್ಡು ಸಿಗುವುದು ಕಡಿಮೆ, ಕಿವಿಯೇ ಗತಿ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಹೋಗಿ ನೋಡಿ, ಬಸ್ಸಿನ ಮೇಲೆ ಮೂಡುಬಿದಿರೆ, ಕಾರ್ಕಳ ಅಂತ ಇರುತ್ತದೆ, ಬಾಗಿಲಲ್ಲಿ ನಿಂತ ಕಂಡಕ್ಟರ್ ಕೂಗುವುದು ‘ಬೆದ್ರ, ಬೆದ್ರ, ಕಾರ್ಲ’! ಉಡುಪಿ ಅಂದರೆ ಒಡಿಪು. ಸಣ್ಣ ಹಳ್ಳಿಗಳಾದರೆ ಅಲ್ಲಿನ ವಯಸ್ಸಾದವರನ್ನೇ ಕೇಳುತ್ತೇನೆ. ಈ ಊರಿನ ಹೆಸರೇನು ಅಂತ ಕನ್ನಡದಲ್ಲಿ ಕೇಳಿದರೆ ಬೋರ್ಡಿನಲ್ಲಿರುವುದನ್ನೇ ಹೇಳುತ್ತಾರೆ. ‘ಅಜ್ಜೆರೇ, ಓಡೆ ಪೋಪಿನಿ?’ ಅಂತ, ಎಲ್ಲಿಗೆ ಹೊರಟಿರಿ ಅಂತ ತುಳುವಿನಲ್ಲೇ ಮಾತಿಗೆಳೆದರೆ ಮನೆಮಾತಿನ ಹೆಸರು ತಾನಾಗಿ ಬಾಯಿಗೆ ಬರುತ್ತದೆ.

ಕಾಸರಗೋಡಿನ ಕಡೆ ಸ್ವಲ್ಪ ಜಾಸ್ತಿ ಹುಷಾರಾಗಿರಬೇಕು. ಮಂಜೇಶ್ವರ ಮಲಯಾಳದಲ್ಲಿ ಮಂಜೇಶ್ವರಂ, ಕುಂಬಳೆ ಅಲ್ಲಿ ಕುಂಬಳ. ಭಾಷೆಗೊಂದು ಹೆಸರಿನ ಜಾಗ ಇದ್ದರೂ ಮುಖ್ಯ ಹೆಸರಿನ ಜಾಗ ಒಂದೇ ಇರುವುದು, ಅದರಲ್ಲಿ ಯಾವ ಭಾಷೆ ಅಂತ ಜಗಳ ಶುರುವಾದರೆ ಮುಗಿಯುವುದೇ ಇಲ್ಲ, ಸುಮ್ನೆ ಅದಕ್ಕೆ ಕೈ ಹಾಕುವುದಿಲ್ಲ. ಆದರೆ ಕನ್ನಡದ ಜಾಗದಲ್ಲಿ ಕುಂಬಳೆ ಅಂತಲೇ ಇದೆಯಾ ಅಂತ ತಪ್ಪದೆ ನೋಡುತ್ತೇನೆ. ಅಲ್ಲಿನ ಕನ್ನಡಿಗರು ಕನ್ನಡದಲ್ಲಿ ನಕ್ಷೆ ತೆರೆದರೆ ಅವರ ಊರು ಅವರು ಕರೆಯುವ ಹೆಸರಲ್ಲೇ ಕಾಣಬೇಕು ಅಲ್ವಾ?

ಹಳೆಯ ಹೆಸರುಗಳನ್ನೂ ಎಸೆಯಬೇಡಿ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಮಂಗಳೂರು ಅಂತಲೇ ಅಧಿಕೃತ, ಆದರೂ ಮ್ಯಾಂಗಲೋರ್ ಅಂತ ಹುಡುಕುವವರು ಬೇಕಾದಷ್ಟು ಜನ ಇದ್ದಾರೆ. ಅದನ್ನು ಹಳೆಯ ಹೆಸರಿನ ಜಾಗಕ್ಕೆ ಸರಿಸಿದರೆ ಸಾಕು, ಹುಡುಕಿದಾಗ ಸಿಗುತ್ತದೆ.

ಕೊಂಕಣಿ ಹೆಸರುಗಳು ಇನ್ನೂ ತುಂಬಾ ಬಾಕಿ ಇವೆ. ನನಗೆ ಕೊಂಕಣಿ ಬರುವುದಿಲ್ಲ. ಮನೆಯಲ್ಲಿ ಕೊಂಕಣಿ ಮಾತಾಡುವವರು ಒಂದು ಸಲ ನಿಮ್ಮೂರನ್ನು ನಕ್ಷೆಯಲ್ಲಿ ತೆರೆದು ನೋಡಿ, ಹೆಸರು ಇಲ್ಲದಿದ್ದರೆ ದಯವಿಟ್ಟು ಸೇರಿಸಿ.