ಜಾವಾದಲ್ಲಿ ತೊಗರಿ ಪಟ್ಟಿ: 29ನೇ ಕ್ವಿಂಟಲ್‌ಗೆ ಲೆಕ್ಕ ಯಾಕೆ ಉಲ್ಟಾ ಆಗುತ್ತದೆ

ಕಲಬುರಗಿ ಗಂಜ್‌ನ ಅಡತಿ (ದಲ್ಲಾಳಿ) ಅಂಗಡಿಗೆ ಜಾವಾ ಭಾಷೆಯಲ್ಲಿ ಪಟ್ಟಿ, ಅಂದರೆ ರೈತನಿಗೆ ಕೊಡುವ ಬಿಲ್, ಮಾಡುವ ಪ್ರೋಗ್ರಾಂ ಬರೆಯುವವರು ಸಾಮಾನ್ಯವಾಗಿ ಹತ್ತು ಲಾಟ್ (ಮಾರಾಟಕ್ಕೆ ಬಂದ ಮಾಲಿನ ರಾಶಿ), ಐದು ಕ್ವಿಂಟಲ್ ಹಾಕಿ ನೋಡಿ ‘ಸರಿ ಇದೆ’ ಎಂದು ಕೊಟ್ಟುಬಿಡುತ್ತಾರೆ. ಡಿಸೆಂಬರ್‌ನಲ್ಲಿ ತೊಗರಿ ಆವಕ ಏರಿದಾಗ ತಪ್ಪು ಹೊರಬೀಳುತ್ತದೆ. ಜಾವಾದ ವಿನ್ಯಾಸದಲ್ಲಿರುವ ದೋಷಗಳ ಗುಣವೇ ಅದು: ಕೋಡ್ ಪರಿಶೀಲಿಸಿ ಅನುವಾದಿಸುವ ಕಂಪೈಲರ್ ಚಕಾರ ಎತ್ತುವುದಿಲ್ಲ, ಸಣ್ಣ ಅಂಕಿಗೆ ಉತ್ತರವೂ ಸರಿಯಾಗಿಯೇ ಬರುತ್ತದೆ. ಹಾಗಾಗಿ ದೋಷ ಬಯಲಾಗುವ ಅಂಕಿಗಳನ್ನೇ ಇಲ್ಲಿ ಕೊಟ್ಟಿದೆ. ಪರೀಕ್ಷೆಗೆ ಅವನ್ನೇ ಹಾಕಿ.

ಮೊದಲು ದುಡ್ಡು

ದರ ಕ್ವಿಂಟಲ್‌ಗೆ 7,500 ರೂಪಾಯಿ ಎಂದಿಟ್ಟುಕೊಳ್ಳಿ, ಅಂದರೆ 7,50,000 ಪೈಸೆ. ತೂಕ ಕಿಲೋದಲ್ಲಿ. ಎರಡನ್ನೂ ‘ಇಂಟ್’ನಲ್ಲಿ (ಜಾವಾದ ಸಾಮಾನ್ಯ ಪೂರ್ಣಾಂಕ) ಇಟ್ಟು ಗುಣಿಸಿ, ನೂರರಿಂದ ಭಾಗಿಸಿದರೆ ಪೈಸೆಯಲ್ಲಿ ಮೊತ್ತ ಬರುತ್ತದೆ. 28 ಕ್ವಿಂಟಲ್‌ಗೆ 2,10,000 ರೂಪಾಯಿ, ಸರಿ. 29 ಹಾಕಿ: 2,17,500 ಬರಬೇಕಾದಲ್ಲಿ ಮೈನಸ್ 2,11,996 ರೂಪಾಯಿ 72 ಪೈಸೆ! ‘ಇಂಟ್’ನ ಮಿತಿ 2,14,74,83,647. ಗುಣಲಬ್ಧ ಅದನ್ನು ದಾಟಿದ ಕೂಡಲೇ ಜಾವಾ ಸದ್ದಿಲ್ಲದೆ ಮೈನಸ್ ಕಡೆಗೆ ಸುತ್ತುತ್ತದೆ.

ಮೈನಸ್ ಬಂದರೆ ಯಾರಾದರೂ ನೋಡುತ್ತಾರೆ, ಪರವಾಗಿಲ್ಲ. 60 ಕ್ವಿಂಟಲ್ ಹಾಕಿದರೆ ಇನ್ನೊಂದು ಸುತ್ತು ಮುಗಿದು 4,50,000 ಬದಲು 20,503 ರೂಪಾಯಿ 27 ಪೈಸೆ ಅಚ್ಚಾಗುತ್ತದೆ. ಪಟ್ಟಿ ನೋಡಲು ಚೊಕ್ಕವಾಗಿಯೇ ಇರುತ್ತದೆ.

ಉತ್ತರ ಹಿಡಿಯುವ ವೇರಿಯಬಲ್ ಒಂದನ್ನೇ ‘ಲಾಂಗ್’ (ಇನ್ನೂ ದೊಡ್ಡ ಪೂರ್ಣಾಂಕ) ಮಾಡಿದರೆ ಪ್ರಯೋಜನವಿಲ್ಲ. ಗುಣಾಕಾರ ‘ಇಂಟ್’ನಲ್ಲೇ ಮುಗಿದು, ಕೆಟ್ಟ ಮೇಲೆ ‘ಲಾಂಗ್’ಗೆ ಹೋಗುತ್ತದೆ. ತೂಕ, ದರ ಎರಡನ್ನೂ ಮೊದಲಿಗೇ ‘ಲಾಂಗ್’ ಎಂದು ಘೋಷಿಸಿ, ಗುಣಿಸಲು ‘ಮ್ಯಾಥ್.ಮಲ್ಟಿಪ್ಲೈಎಕ್ಸಾಕ್ಟ್’ ಬಳಸಿ. ಮಿತಿ ದಾಟಿದರೆ ಅದು ಎಕ್ಸೆಪ್ಷನ್ (ದೋಷದ ಸೂಚನೆ) ಎಸೆದು ನಿಲ್ಲುತ್ತದೆ. ‘ಬಿಗ್‌ಡೆಸಿಮಲ್’ (ದಶಮಾಂಶವನ್ನು ಕರಾರುವಾಕ್ಕಾಗಿ ಇಡುವ ಕ್ಲಾಸ್) ಬಳಸುವುದಾದರೆ ಹೋಲಿಕೆಗೆ ‘ಕಂಪೇರ್‌ಟು’ ಬೇಕು, ‘ಈಕ್ವಲ್ಸ್’ಗೆ 2.0 ಮತ್ತು 2.00 ಬೇರೆ ಬೇರೆ. ದಶಮಾಂಶವನ್ನು ಅಂದಾಜಾಗಿ ಮಾತ್ರ ಇಡುವ ‘ಡಬಲ್’ ಅನ್ನು ದುಡ್ಡಿನ ಹತ್ತಿರ ತರಲೇಬೇಡಿ.

128ನೇ ಲಾಟ್

ಲಾಟ್ ನಂಬರ್‌ಗಳನ್ನು ‘ಇಂಟಿಜರ್’ (‘ಇಂಟ್’ ಅನ್ನು ಒಳಗಿಟ್ಟ ಆಬ್ಜೆಕ್ಟ್) ಆಗಿ ಇಟ್ಟು == ಹಾಕಿ ಹೋಲಿಸಿದರೆ 127ರ ತನಕ ಹೊಂದುತ್ತವೆ. 128ರಿಂದ ಎರಡೂ ಕಡೆ ಅದೇ ನಂಬರ್ ಇದ್ದರೂ ‘ಬೇರೆ’ ಎನ್ನುತ್ತದೆ. ವೇಗಕ್ಕಾಗಿ ಜಾವಾ ಬರಿಯ ಸಂಖ್ಯೆಯನ್ನು ಆಬ್ಜೆಕ್ಟ್‌ಗಳಿಂದ ಹೊರಗಿಟ್ಟಿತು. ಆದರೆ ಲಿಸ್ಟ್, ಮ್ಯಾಪ್‌ಗಳೊಳಗೆ ಆಬ್ಜೆಕ್ಟ್‌ಗೆ ಮಾತ್ರ ಜಾಗ. 2004ರ ಜಾವಾ 5ರಲ್ಲಿ ಬಂದ ಆಟೋಬಾಕ್ಸಿಂಗ್ (ಸಂಖ್ಯೆಯನ್ನು ತಾನಾಗಿಯೇ ಆಬ್ಜೆಕ್ಟ್ ಮಾಡುವುದು) ಈ ಬಿರುಕಿನ ಮೇಲೆ ಬಳಿದ ಸುಣ್ಣ. ಮೈನಸ್ 128ರಿಂದ 127ರ ತನಕದ ಆಬ್ಜೆಕ್ಟ್‌ಗಳನ್ನು ಜಾವಾ ಮೊದಲೇ ಮಾಡಿಟ್ಟು ಹಂಚಿಕೊಳ್ಳುತ್ತದೆ. ಅದರಾಚೆ ಸಾಮಾನ್ಯವಾಗಿ ಪ್ರತಿ ಸಲ ಹೊಸದು. == ನೋಡುವುದು ಆಬ್ಜೆಕ್ಟ್ ಅದೇನಾ ಎಂದು, ಒಳಗಿನ ಬೆಲೆಯನ್ನಲ್ಲ. ‘ಆಬ್ಜೆಕ್ಟ್ಸ್.ಈಕ್ವಲ್ಸ್’ ಬಳಸಿ, ಒಂದು ಕಡೆ ನಲ್ (ಏನೂ ಇಲ್ಲ ಎಂಬ ಗುರುತು) ಇದ್ದರೂ ಅದು ಬೀಳುವುದಿಲ್ಲ.

ಇದೇ ಬಿರುಕಿನ ಇನ್ನೊಂದು ಕಡೆ ನಲ್ ಕೂತಿದೆ. ದರದ ಮ್ಯಾಪ್‌ನಿಂದ ‘ತೊಗರಿ’ ದರ ತೆಗೆದು ನೇರ ‘ಇಂಟ್’ಗೆ ಹಾಕುವ ಸಾಲಿನಲ್ಲಿ, ಕೀಯ (ಹುಡುಕುವ ಹೆಸರಿನ) ಕೊನೆಗೆ ಒಂದು ಸ್ಪೇಸ್ ಹೆಚ್ಚಾದರೂ ಸಾಕು: ಮ್ಯಾಪ್ ನಲ್ ಕೊಡುತ್ತದೆ, ನಲ್ ಅನ್ನು ಸಂಖ್ಯೆ ಮಾಡಲು ಹೋಗಿ ನಲ್‌ಪಾಯಿಂಟರ್ ಎಕ್ಸೆಪ್ಷನ್. ಕೀಗಳಿಗೆ ಸ್ಟ್ರಿಂಗ್ ಬದಲು ‘ಈನಮ್’ (ಮೊದಲೇ ಗೊತ್ತುಮಾಡಿದ ಹೆಸರುಗಳ ಗುಂಪು) ಮಾಡಿ, ದರ ಸಿಗದಿದ್ದರೆ ಅಲ್ಲೇ ಸ್ಪಷ್ಟ ಸಂದೇಶ ಕೊಟ್ಟು ನಿಲ್ಲಿಸಿ. ‘ಗೆಟ್‌ಆರ್‌ಡಿಫಾಲ್ಟ್’ಗೆ (ಕೀ ಸಿಗದಿದ್ದರೆ ಬದಲಿ ಬೆಲೆ ಕೊಡುವುದು) ಸೊನ್ನೆ ಕೊಡುವವರಿದ್ದಾರೆ, ರೈತನಿಗೆ ಸೊನ್ನೆ ರೂಪಾಯಿ ಪಟ್ಟಿ ಹೋಗುತ್ತದೆ.

ಲಿಸ್ಟ್‌ನ ‘ರಿಮೂವ್’ಗೆ ‘ಇಂಟ್’ ಆಗಿ 5 ಕೊಟ್ಟರೆ 5ನೇ ಲಾಟ್ ಹೋಗುವುದಿಲ್ಲ. ಸೊನ್ನೆಯಿಂದ ಎಣಿಸಿ ಐದನೇ ಸ್ಥಾನದಲ್ಲಿರುವುದು, ಅಂದರೆ ಆರನೆಯದು ಹೋಗುತ್ತದೆ. ‘ಇಂಟಿಜರ್.ವ್ಯಾಲ್ಯೂಆಫ್’ ಮೂಲಕ ಕೊಡಿ.

ವರ್ಷಾಂತ್ಯದ ತಾರೀಖು

ಆವಕ ಜೋರಿರುವ ದಿನಗಳಲ್ಲೇ ಕೈಕೊಡುವ ದೋಷವಿದು. ತಾರೀಖಿನ ನಮೂನೆಯಲ್ಲಿ ವರ್ಷಕ್ಕೆ ದೊಡ್ಡ ‘ವೈ’ ನಾಲ್ಕು ಸಲ ಬರೆದರೆ, ಅದು ಕ್ಯಾಲೆಂಡರ್ ವರ್ಷವಲ್ಲ, ಆ ವಾರ ಯಾವ ವರ್ಷಕ್ಕೆ ಸೇರುತ್ತದೋ ಆ ವರ್ಷ. 31 ಡಿಸೆಂಬರ್ 2025ರ ಪಟ್ಟಿಯ ಮೇಲೆ 31 ಡಿಸೆಂಬರ್ 2026 ಅಚ್ಚಾಗುತ್ತದೆ. ಸಣ್ಣ ‘ವೈ’ ಹಾಕಿ. ಹಳೆಯ ‘ಕ್ಯಾಲೆಂಡರ್’ ಕ್ಲಾಸ್ ತಿಂಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಡಿಸೆಂಬರ್ ಎಂದು 12 ಕೊಟ್ಟರೆ ತಕರಾರಿಲ್ಲದೆ ಮುಂದಿನ ಜನವರಿಗೆ ಜಿಗಿಯುತ್ತದೆ. 2014ರ ಜಾವಾ 8ರಿಂದ ‘ಲೋಕಲ್‌ಡೇಟ್’ ಇದೆ, ಹಳೆಯದನ್ನು ಮುಟ್ಟಲು ಕಾರಣವೇ ಇಲ್ಲ.

ಖಾಲಿ ಕ್ಯಾಚ್

ಫೈಲ್‌ಗೆ ಬರೆಯುವಾಗ ಐಒ ಎಕ್ಸೆಪ್ಷನ್ (ಓದು-ಬರಹದ ದೋಷ) ಅನ್ನು ಹಿಡಿಯಬೇಕು ಅಥವಾ ಮೇಲಕ್ಕೆ ದಾಟಿಸಬೇಕು ಎಂದು ಕಂಪೈಲರ್ ಹಟ ಹಿಡಿಯುತ್ತದೆ. ಬೇಸತ್ತವರು ಇಡೀ ಕೆಲಸವನ್ನು ‘ಟ್ರೈ’ಯೊಳಗೆ ಹಾಕಿ, ದೋಷ ಹಿಡಿಯುವ ‘ಕ್ಯಾಚ್’ನಲ್ಲಿ ‘ಎಕ್ಸೆಪ್ಷನ್’ ಎಂದಷ್ಟೇ ಬರೆದು ಒಳಗೆ ಖಾಲಿ ಬಿಡುತ್ತಾರೆ. ಆಗ ‘ಮಲ್ಟಿಪ್ಲೈಎಕ್ಸಾಕ್ಟ್’ ಎಸೆದದ್ದೂ ಅಲ್ಲೇ ಮಾಯ. ಫೈಲ್ ಬರೆಯುವ ಸಾಲುಗಳಿಗಷ್ಟೇ ‘ಟ್ರೈ’ ಸುತ್ತಿ, ಐಒ ಎಕ್ಸೆಪ್ಷನ್ ಒಂದನ್ನೇ ಹಿಡಿದು, ಲಾಟ್ ನಂಬರ್ ಸಮೇತ ಲಾಗ್‌ಗೆ ಬರೆಯಿರಿ. ಲೆಕ್ಕದ ಸಾಲು ಅದರ ಹೊರಗಿರಲಿ.