ಮುಖ ಬಿಡಿ, ಕೈ ನೋಡಿ

ನಾನು ಕೊಂಡ ಮೊದಲ ರೋಮನ್ ಬೆಳ್ಳಿ ನಾಣ್ಯ ಹೇಡ್ರಿಯನ್ ಚಕ್ರವರ್ತಿಯದು. ಅಂದರೆ ಕ್ರಿ.ಶ. 117ರಿಂದ 138ರ ನಡುವಿನದು. ಲಂಡನ್ನಿನ ಒಂದು ನಾಣ್ಯಮೇಳದಲ್ಲಿ ಸಿಕ್ಕಿತ್ತು. ಇದಕ್ಕೆ ದಿನಾರಿಯಸ್ ಎನ್ನುತ್ತಾರೆ. ನಮ್ಮ ಒಂದು ರೂಪಾಯಿಗಿಂತ ಚಿಕ್ಕದು, ತೂಕ ಮೂರು ಗ್ರಾಂ ಚಿಲ್ಲರೆ. ಒಂದು ಕಡೆ ದೊರೆಯ ತಲೆ, ಇನ್ನೊಂದು ಕಡೆ ನಿಂತ ಹೆಂಗಸು. ಅವಳ ಎಡಗೈಯಲ್ಲಿ ಹಣ್ಣು ತುಂಬಿದ ಕೊಂಬು. ಅದನ್ನು ನೋಡಿದ್ದೇ ತಡ, 'ಫೋರ್ಚುನಾ, ಅದೃಷ್ಟ ದೇವತೆ' ಎಂದು ಚೀಟಿ ಬರೆದು ಅಂಟಿಸಿಬಿಟ್ಟೆ.

ಎರಡು ವರ್ಷ ಆ ಚೀಟಿ ಹಾಗೇ ಇತ್ತು. ಆಮೇಲೆ ಗೊತ್ತಾಯಿತು, ಆ ಕೊಂಬು ಎಷ್ಟೋ ದೇವತೆಯರ ಕೈಯಲ್ಲಿರುತ್ತದೆ! ನೋಡಬೇಕಾದದ್ದು ಇನ್ನೊಂದು ಕೈಯನ್ನು. ಅಲ್ಲಿ ದೋಣಿಯ ಚುಕ್ಕಾಣಿ ಇದ್ದರೆ ಫೋರ್ಚುನಾ. ಆಲಿವ್ ಕೊಂಬೆ ಇದ್ದರೆ ಶಾಂತಿಯ ದೇವತೆ ಪಾಕ್ಸ್. ಗುಡಿಯಲ್ಲಿ ಮೂರ್ತಿಯ ಮುಖ ಸವೆದಿದ್ದರೂ ಶಂಖ, ಚಕ್ರ ಕಂಡರೆ ವಿಷ್ಣು ಅಂತೀವಲ್ವಾ, ಅದೇ ಲೆಕ್ಕ.

ನನ್ನ ನಾಣ್ಯದಲ್ಲಿ ಆ ಕೈಯೇ ಸವೆದಿತ್ತು. ಕೋಣೆಯ ದೀಪ ಆರಿಸಿದೆ. ಮೊಬೈಲ್ ಟಾರ್ಚನ್ನು ನಾಣ್ಯದ ಮಟ್ಟಕ್ಕೇ ಅಡ್ಡ ಹಿಡಿದು, ನಾಣ್ಯವನ್ನು ಮೆಲ್ಲಗೆ ತಿರುಗಿಸುತ್ತಾ ಹೋದೆ. ಮೇಲಿನಿಂದ ಬೆಳಕು ಬಿದ್ದಾಗ ಕಾಣದಿದ್ದ ಗೆರೆಗಳು ಈಗ ನೆರಳು ಬಿಟ್ಟು ಎದ್ದವು. ಎರಡು ಪುಟ್ಟ ತಟ್ಟೆ. ತಕ್ಕಡಿ!

ಅಲ್ಲಿಗೂ ಮುಗಿಯಲಿಲ್ಲ. ಕೊಂಬಿನ ಜೊತೆ ತಕ್ಕಡಿ ಹಿಡಿಯುವವರು ಇಬ್ಬರು. ನ್ಯಾಯದ ತೂಕದ ಎಕ್ವಿಟಾಸ್, ಟಂಕಸಾಲೆಯ ಮೊನೆಟಾ. ಚಿತ್ರ ನೋಡಿ ಹೇಳಲು ಆಗಲ್ಲ, ಅಂಚಿನ ಅಕ್ಷರಗಳೇ ಗತಿ. ಅವೂ ಅರ್ಧ ಅಳಿಸಿದ್ದವು. ಕೊನೆಗೆ 'ಎನ್', 'ಇ', 'ಟಿ' ಸಿಕ್ಕವು. ಮೊನೆಟಾ. ರೋಮಿನ ಕ್ಯಾಪಿಟಲೈನ್ ಗುಡ್ಡದ ಮೇಲೆ ಜೂನೋ ಮೊನೆಟಾ ಎಂಬ ದೇವತೆಯ ಗುಡಿಯ ಹತ್ತಿರವೇ ನಾಣ್ಯ ಅಚ್ಚು ಹಾಕುತ್ತಿದ್ದರು. ಇಂಗ್ಲಿಷಿನ 'ಮನಿ', 'ಮಿಂಟ್' ಎರಡೂ ಆ ಹೆಸರಿನಿಂದಲೇ ಹುಟ್ಟಿದವು. ಅಂಥವಳನ್ನು ಎರಡು ವರ್ಷ ಬೇರೆ ಹೆಸರಿನಲ್ಲಿ ಇಟ್ಟುಕೊಂಡಿದ್ದೆ ನೋಡಿ.

ಎರಡನೇ ನಾಣ್ಯದಲ್ಲಿ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಅದು ತಿಬೇರಿಯಸ್‌ನದು. ನಮ್ಮ ಯಶವಂತಪುರದಲ್ಲಿ 1891ರಲ್ಲಿ ಸಿಕ್ಕ ರೋಮನ್ ನಿಧಿಯಲ್ಲೂ ಈ ದೊರೆಯ ನಾಣ್ಯಗಳಿದ್ದವು, ಹಾಗಾಗಿ ಜಾಸ್ತಿ ಆಸೆಪಟ್ಟು ಕೊಂಡಿದ್ದೆ. ಹಿಂಬದಿಯಲ್ಲಿ ಕುಳಿತ ಹೆಂಗಸು, ಕೈಯಲ್ಲಿ ಎಲೆ ಇರುವ ಕೊಂಬೆ. ಸ್ವಲ್ಪ ಕಪ್ಪಾಗಿದೆಯಲ್ಲ ಅಂತ ಅಮ್ಮ ಬೆಳ್ಳಿ ದೀಪಕ್ಕೆ ಮಾಡುವ ಹಾಗೆ ವಿಭೂತಿ ಹಚ್ಚಿ ತಿಕ್ಕಿದೆ. ಫಳಫಳ ಹೊಳೆಯಿತು. ಆದರೆ ಎಲೆಗಳು ಎದ್ದು ಕಾಣುತ್ತಿದ್ದದ್ದೇ ಸಂದಿಯಲ್ಲಿದ್ದ ಆ ಕಪ್ಪಿನಿಂದ. ಈಗ ಅವಳ ಕೈಯಲ್ಲಿ ಕಾಣುವುದು ಬರೀ ಒಂದು ಕಡ್ಡಿ.